ತಾಳ ತಪ್ಪಿದ ಹೃದಯ, ಬಿಗಿದ ರಕ್ತನಾಳ: ಒಂದು ವರ್ಷದ ನಡಿಗೆ ನಡೆಯುವ ಬಗೆ

ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಪೂರ್ತಿ 60 ಸೆಕೆಂಡು ಎಣಿಸುವುದರಿಂದ, ತಾಳ ತಪ್ಪಿದ ಹೃದಯದವರನ್ನು ಒಂದು ವರ್ಷ ನಡಿಗೆಯಲ್ಲಿ ತೊಡಗಿಸುವ ನಮ್ಮ ಕೆಲಸ ಶುರುವಾಗುತ್ತದೆ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ರೂಢಿ ಇಲ್ಲಿ ನಡೆಯುವುದಿಲ್ಲ. ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳು ತಾಳ ತಪ್ಪಿ ಅದುರುವ ತೊಂದರೆ) ಇರುವವರ ನಾಡಿಯಲ್ಲಿ ಎರಡು ಬಡಿತ ಒತ್ತೊತ್ತಾಗಿ ಬರುತ್ತವೆ, ಆಮೇಲೆ ಒಂದು ಬಿಡುವು, ಆಮೇಲೆ ಗಟ್ಟಿಯಾದ ಒಂದು ಬಡಿತ, ಅದರ ಹಿಂದೆಯೇ ಬೆರಳಿಗೆ ಸಿಕ್ಕಿತೋ ಇಲ್ಲವೋ ಎನ್ನುವಂಥ ಇನ್ನೊಂದು. ಅದೇ ಹೊತ್ತಿಗೆ ಇನ್ನೊಬ್ಬರು ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಎಣಿಸುತ್ತಾರೆ. ಎದೆಯಲ್ಲಿ 104, ಕೈಯಲ್ಲಿ 88 ಎಂದು ಬಂದರೆ 16 ಬಡಿತ ಕೈವರೆಗೆ ತಲುಪಲೇ ಇಲ್ಲ. ಹೃದಯ ಸರಿಯಾಗಿ ತುಂಬಿಕೊಳ್ಳುವ ಮೊದಲೇ ಹಿಂಡಿದ ಬಡಿತಗಳವು. ಈ ವ್ಯತ್ಯಾಸವನ್ನು ಮೊದಲ ದಿನವೇ ಬರೆದಿಡುತ್ತೇವೆ, ಏಕೆಂದರೆ ಮುಂದಿನ ಒಂದು ವರ್ಷ ನಾಡಿಯ ಸಂಖ್ಯೆಯನ್ನು ಎಷ್ಟು ನಂಬಬಹುದು ಎಂಬುದನ್ನು ಅದು ಹೇಳುತ್ತದೆ.

ತಾಳದ ತೊಂದರೆ ಎಂದರೆ ಹೃದಯದ್ದಷ್ಟೇ ಎಂದು ಬರುವವರು ಅಂದುಕೊಂಡಿರುತ್ತಾರೆ. ರಕ್ತನಾಳಗಳ ಮಾತು ಎತ್ತಿದರೆ ಅಚ್ಚರಿಪಡುತ್ತಾರೆ. ಅಪಧಮನಿಯ ಒಳಮೈಗೆ ಒಂದೇ ಜೀವಕೋಶದಷ್ಟು ತೆಳುವಾದ ಹೊದಿಕೆ ಇದೆ, ಅದೇ ಎಂಡೋಥೀಲಿಯಂ. ರಕ್ತ ಹರಿಯುವಾಗ ಈ ಪದರವನ್ನು ಉಜ್ಜಿಕೊಂಡು ಹೋಗುತ್ತದೆ. ಆ ಉಜ್ಜುವಿಕೆ ಹದವಾಗಿ, ಒಂದೇ ದಿಕ್ಕಿನಲ್ಲಿ ಇದ್ದಾಗ ಪದರದ ಜೀವಕೋಶಗಳು ಆರ್ಜಿನೀನ್ ಎಂಬ ಅಮೈನೋ ಆಮ್ಲದಿಂದ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತವೆ. ಅದು ಪಕ್ಕದ ಸ್ನಾಯುವಿಗೆ ಇಳಿದು ನಾಳವನ್ನು ಸಡಿಲಿಸುತ್ತದೆ, ಪ್ಲೇಟ್‌ಲೆಟ್‌ಗಳು ಅಂಟದಂತೆಯೂ ನೋಡಿಕೊಳ್ಳುತ್ತದೆ. ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕಕ್ಕೆ ಈ ಪದರವಿಲ್ಲದೆ ನಾಳ ಸಡಿಲಗೊಳ್ಳುವುದಿಲ್ಲ ಎಂದು 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ತೋರಿಸಿಕೊಟ್ಟರು. 1998ರ ನೊಬೆಲ್ ಪ್ರಶಸ್ತಿ ಅವರಿಗೂ ಇಗ್ನಾರೊ, ಮುರಾದ್ ಅವರಿಗೂ ಸಂದದ್ದು ನೈಟ್ರಿಕ್ ಆಕ್ಸೈಡ್ ಕುರಿತ ಈ ಕೆಲಸಕ್ಕೇ.

ತಾಳ ತಪ್ಪಿದಾಗ ಆ ಉಜ್ಜುವಿಕೆಯೂ ತಾಳ ತಪ್ಪುತ್ತದೆ. ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ, ರಕ್ತ ಹೆಪ್ಪುಗಟ್ಟಲು ನೆರವಾಗುವ ವಾನ್ ವಿಲ್ಲಿಬ್ರಾಂಡ್ ಅಂಶ ಏರುತ್ತದೆ. ಬಹಳ ಮಂದಿಗೆ ಇದರ ಜೊತೆಗೆ ಬಿಪಿ, ಸಕ್ಕರೆ, ತೂಕವೂ ಇರುತ್ತವೆ. ದೊಡ್ಡ ಅಪಧಮನಿಗಳು ಬಿಗಿದರೆ ರಕ್ತವನ್ನು ಮೈಗೆ ದೂಡುವ ಕೆಳಗಿನ ಕೋಣೆ, ಅಂದರೆ ಎಡ ಹೃತ್ಕುಕ್ಷಿ, ಹೆಚ್ಚು ಒತ್ತಡಕ್ಕೆ ಎದುರಾಗಿ ದುಡಿಯಬೇಕು, ಅದರ ಹಿಂದಿನ ಎಡ ಹೃತ್ಕರ್ಣ ಹಿಗ್ಗುತ್ತದೆ, ಹಿಗ್ಗಿದ ಹೃತ್ಕರ್ಣದಲ್ಲಿ ಫಿಬ್ರಿಲೇಷನ್ ಇನ್ನಷ್ಟು ಬೇರೂರುತ್ತದೆ. ಈ ಸುತ್ತನ್ನು ನಾಳದ ಕಡೆಯಿಂದ ಬಿಡಿಸಲು ನಮಗಿರುವ ದಾರಿ ಏರೋಬಿಕ್ ವ್ಯಾಯಾಮ. ಅದು ಮಾತ್ರೆಗೆ ಬದಲಿ ಅಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿರುವ ಮಾತ್ರೆಯನ್ನು "ಈಗ ಚೆನ್ನಾಗಿ ನಡೆಯುತ್ತಿದ್ದೇನೆ" ಎಂದು ನಿಲ್ಲಿಸಿದವರಿಗೆ ಪಾರ್ಶ್ವವಾಯುವಿನ ಅಪಾಯ ಹಾಗೆಯೇ ಉಳಿದಿರುತ್ತದೆ.

ಶುರುವಿಗೆ ಮುಂಚೆ ಹೃದ್ರೋಗ ತಜ್ಞರ ಒಪ್ಪಿಗೆ, ಇಸಿಜಿ, ಎಕೋ, ವ್ಯಾಯಾಮ ಪರೀಕ್ಷೆ ಆಗಿರಬೇಕು. ಹತೋಟಿಗೆ ಬಾರದ ಹೃದಯ ವೈಫಲ್ಯ, ತೊಂದರೆ ಕೊಡುತ್ತಿರುವ ಬಿಗಿಯಾದ ಮಹಾಪಧಮನಿ ಕವಾಟ, ವಿಶ್ರಾಂತಿಯಲ್ಲೂ ಬರುವ ಎದೆನೋವು, ಹೃತ್ಕರ್ಣದಲ್ಲಿ ಹೆಪ್ಪು, ಜ್ವರ, ಇವುಗಳಲ್ಲಿ ಯಾವುದಿದ್ದರೂ ಮೊದಲು ಅದರ ಚಿಕಿತ್ಸೆ. ಬಿಪಿಯನ್ನು ಮೂರು ಸಲ ನೋಡಿ ಸರಾಸರಿ ತೆಗೆಯುತ್ತೇವೆ, ಸಾಧ್ಯವಾದರೆ ಕೈಯಿಂದ ಗಾಳಿ ತುಂಬಿ ಕಿವಿಯಿಂದ ಕೇಳುವ ಉಪಕರಣದಲ್ಲಿ. ಪ್ರತಿ ಬಡಿತದ ಬಲವೂ ಬೇರೆಯಾದ್ದರಿಂದ ತಾನೇ ಅಳೆಯುವ ಯಂತ್ರದ ಒಂದೇ ಓದಿಕೆಗೆ ಇಲ್ಲಿ ಬೆಲೆ ಕಡಿಮೆ.

ಇನ್ನು ನಾಳದ ಪರೀಕ್ಷೆ. ಎಲ್ಲರಿಗೂ ಇದು ಬೇಕೆಂದಿಲ್ಲ, ಆದರೆ ಮಾಡುವುದಾದರೆ ಸರಿಯಾಗಿ ಮಾಡಬೇಕು. ರಕ್ತ ನುಗ್ಗಿದಾಗ ನಾಳ ಎಷ್ಟು ಹಿಗ್ಗುತ್ತದೆ ಎಂದು ಅಳೆಯುವ, ಎಫ್‌ಎಂಡಿ ಎನ್ನುವ ಈ ಪರೀಕ್ಷೆ 1992ರಿಂದ ಬಳಕೆಯಲ್ಲಿದೆ. ಬರುವವರಿಗೆ ಹಿಂದಿನ ದಿನವೇ ಹೇಳುತ್ತೇವೆ: ಕನಿಷ್ಠ 6 ಗಂಟೆ ಏನೂ ತಿನ್ನಬೇಡಿ, ನೀರು ಪರವಾಗಿಲ್ಲ, ಕಾಫಿ, ಚಹಾ, ಮದ್ಯ, ಸಿಗರೇಟು ಬೇಡ, ಒಂದು ದಿನ ಮೊದಲಿನಿಂದ ವ್ಯಾಯಾಮ ನಿಲ್ಲಿಸಿ. ಇಲ್ಲೊಂದು ತೊಡಕಿದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ರಿವರೊಕ್ಸಬಾನ್ 15 ಅಥವಾ 20 ಮಿ.ಗ್ರಾಂ. ಮಾತ್ರೆಯನ್ನು ಆಹಾರದ ಜೊತೆಗೇ ತೆಗೆದುಕೊಳ್ಳಬೇಕು, ಖಾಲಿ ಹೊಟ್ಟೆಯಲ್ಲಿ ಅದು ಪೂರ್ತಿ ಮೈಗೆ ಹತ್ತುವುದಿಲ್ಲ. ಬೆಳಗ್ಗೆ ಅದನ್ನು ತೆಗೆದುಕೊಳ್ಳುವವರನ್ನು ದಿನದ ಮೊದಲ ಸರದಿಗೆ ಕರೆಯುತ್ತೇವೆ, ಪರೀಕ್ಷೆ ಮುಗಿದ ಕೂಡಲೇ ತಿಂದು ಮಾತ್ರೆ ನುಂಗುತ್ತಾರೆ. ಮಾತ್ರೆ ತಪ್ಪಿಸಿ ಪರೀಕ್ಷೆ ಮಾಡುವುದಿಲ್ಲ.

ತಣ್ಣಗೂ ಅಲ್ಲದ ಬಿಸಿಯೂ ಅಲ್ಲದ ಸದ್ದಿಲ್ಲದ ಕೋಣೆಯಲ್ಲಿ 15 ನಿಮಿಷ ಅಂಗಾತ ಮಲಗಿಸಿ, ಮೊಣಕೈ ಕೆಳಗೆ ಮುಂಗೈಗೆ ಬಿಪಿ ಪಟ್ಟಿ ಸುತ್ತುತ್ತೇವೆ. ಅಲ್ಟ್ರಾಸೌಂಡ್ ಪ್ರೋಬ್ ಮೊಣಕೈ ಮಡಿಕೆಯಿಂದ ಕೆಲವು ಸೆಂಟಿಮೀಟರ್ ಮೇಲೆ. ಪರದೆಯ ಮೇಲೆ ಅಪಧಮನಿ ಉದ್ದಕ್ಕೆ ಬಿದ್ದಾಗ ಮೇಲೊಂದು ಕೆಳಗೊಂದು ಬೆಳ್ಳಗಿನ ಸಣ್ಣ ಗೆರೆ ಕಾಣಬೇಕು. ಎರಡೂ ಗೆರೆ ಒಟ್ಟಿಗೆ ಚೂಪಾಗಿ ಕಾಣುವವರೆಗೆ ಅಳತೆ ಶುರು ಮಾಡಬಾರದು. ಪ್ರೋಬ್ ಕೂದಲೆಳೆಯಷ್ಟು ಓರೆಯಾದರೂ ಒಂದು ಗೆರೆ ಮಸುಕಾಗುತ್ತದೆ, ನಾಳದ ವ್ಯಾಸ ಕಡಿಮೆ ಬರುತ್ತದೆ. ಒಂದು ನಿಮಿಷ ಹಾಗೇ ನೋಡಿ, ಪಟ್ಟಿಗೆ ಸಿಸ್ಟೋಲಿಕ್ (ಮೇಲಿನ ಅಂಕಿಯ) ಬಿಪಿಗಿಂತ 50 ಮಿ.ಮೀ. ಪಾದರಸದಷ್ಟು ಹೆಚ್ಚು ಒತ್ತಡ ತುಂಬಿ 5 ನಿಮಿಷ ಬಿಡುತ್ತೇವೆ. ಕೈ ಜೋಮು ಹಿಡಿಯುತ್ತದೆ, ಬೆರಳು ಬಿಳಿಚಿಕೊಳ್ಳುತ್ತವೆ, ಇದನ್ನು ಮೊದಲೇ ಹೇಳಿರಬೇಕು. ಇಲ್ಲವಾದರೆ ನಾಲ್ಕನೇ ನಿಮಿಷಕ್ಕೆ ಕೈ ಅಲುಗಿಸಿ ಎಲ್ಲ ಕೆಡುತ್ತದೆ. ಹೆಪ್ಪು ತಡೆಯುವ ಮಾತ್ರೆಯಲ್ಲಿರುವವರಿಗೆ ಕೆಲವೊಮ್ಮೆ ಪಟ್ಟಿಯ ಕೆಳಗೆ ಕೆಂಪು ಚುಕ್ಕೆಗಳೂ ಕಾಣಿಸಿಕೊಳ್ಳಬಹುದು.

ಗಾಳಿ ಬಿಟ್ಟ ಕೂಡಲೇ ರಕ್ತ ನುಗ್ಗುತ್ತದೆ, ಸುಮಾರು ಒಂದು ನಿಮಿಷದ ಆಸುಪಾಸಿನಲ್ಲಿ ನಾಳ ಹೆಚ್ಚು ಹಿಗ್ಗುತ್ತದೆ. 4.00 ಮಿ.ಮೀ. ಇದ್ದದ್ದು 4.20 ಆದರೆ 5% ಹಿಗ್ಗಿತು ಎಂದು ಲೆಕ್ಕ. ಹಿಗ್ಗುವುದೇ 0.20 ಮಿ.ಮೀ., ಅದರಲ್ಲಿ 0.05 ಮಿ.ಮೀ. ತಪ್ಪಿದರೂ ಕಾಲುಭಾಗ ಹೋದಂತೆ. ತಾಳ ತಪ್ಪಿದವರಲ್ಲಿ ಕೆಲಸ ಇನ್ನೂ ನಾಜೂಕು, ಉದ್ದ ಬಿಡುವಿನ ನಂತರದ ಬಡಿತಕ್ಕೆ ನಾಳ ಹೆಚ್ಚು ಹಿಗ್ಗುತ್ತದೆ, ಒತ್ತೊತ್ತಾದ ಬಡಿತಕ್ಕೆ ಕಡಿಮೆ. ಹಾಗಾಗಿ ಇಸಿಜಿಯ ಆರ್ ಅಲೆ (ಪ್ರತಿ ಬಡಿತದ ಎತ್ತರದ ಮೊನೆ) ಬಂದ ಕ್ಷಣದ ಚಿತ್ರಗಳನ್ನೇ ಆರಿಸಿ, ಸಾಲಾಗಿ ಹಲವು ಬಡಿತಗಳ ಸರಾಸರಿ ತೆಗೆಯುತ್ತೇವೆ. ಒಂದೇ ಚೆಂದದ ಬಡಿತ ಹುಡುಕಿ ಅಳೆಯುವುದು ದೊಡ್ಡ ತಪ್ಪು.

ವರದಿಯ ಮೇಲ್ತುದಿಯಲ್ಲಿ ಆ ದಿನದ ತಾಳ ಯಾವುದಿತ್ತು ಎಂದು ಬರೆಯಲೇಬೇಕು. ಮೊದಲ ಸಲ ಫಿಬ್ರಿಲೇಷನ್‌ನಲ್ಲಿದ್ದು, ಮೂರು ತಿಂಗಳ ನಂತರ ಸಹಜ ತಾಳದಲ್ಲಿ ಬಂದರೆ ನಾಳದ ಹಿಗ್ಗುವಿಕೆ ತಾಳ ಮರಳಿದ್ದರಿಂದಲೇ ಸುಧಾರಿಸಿರಬಹುದು. ಅದನ್ನು ವ್ಯಾಯಾಮದ ಖಾತೆಗೆ ಬರೆದರೆ ಲೆಕ್ಕ ಸುಳ್ಳಾಗುತ್ತದೆ.

ಬಿಗಿತ ಅಳೆಯುವುದು ಬೇರೆ ಪರೀಕ್ಷೆ. ಕತ್ತಿನ ನಾಡಿಗೂ ತೊಡೆಸಂದಿನ ನಾಡಿಗೂ ಸಂವೇದಕ ಇಟ್ಟು, ಅಲೆ ಎಷ್ಟು ವೇಗವಾಗಿ ಓಡಿತು ಎಂದು ನೋಡುತ್ತೇವೆ. ಎರಡರ ನಡುವೆ ಟೇಪಿನಲ್ಲಿ 60 ಸೆಂ.ಮೀ. ಬಂದರೆ ಅದರ 80%, ಅಂದರೆ 48 ಸೆಂ.ಮೀ. ಹಿಡಿಯಬೇಕು. ಅಲೆ ಅದನ್ನು 48 ಮಿಲಿಸೆಕೆಂಡಿನಲ್ಲಿ ದಾಟಿದರೆ ವೇಗ ಸೆಕೆಂಡಿಗೆ 10 ಮೀಟರ್. ಅದಕ್ಕಿಂತ ಹೆಚ್ಚಿದ್ದರೆ ಮಹಾಪಧಮನಿ ಬಿಗಿದಿದೆ ಎಂದು ಓದುತ್ತೇವೆ. ಬಿಪಿ ಏರಿದ ದಿನ ಈ ವೇಗವೂ ಏರುತ್ತದೆ, ಆದ್ದರಿಂದ ಪಕ್ಕದಲ್ಲಿ ಬಿಪಿ ಬರೆಯದ ವೇಗಕ್ಕೆ ಅರ್ಥವಿಲ್ಲ.

ಈಗ ನಡಿಗೆ. ವ್ಯಾಯಾಮದ ತೀವ್ರತೆಯನ್ನು ನಾಡಿಯ ಸಂಖ್ಯೆಯಿಂದ ಗೊತ್ತುಮಾಡುವ ಸೂತ್ರಗಳೆಲ್ಲ ಇಲ್ಲಿ ಕೈಕೊಡುತ್ತವೆ. 220ರಿಂದ ವಯಸ್ಸು ಕಳೆದರೆ ಬರುವ ಗರಿಷ್ಠ ಬಡಿತದ ಸಂಖ್ಯೆ, ಬಡಿತ ನಿಧಾನಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ಎಟುಕುವುದಿಲ್ಲ. ಸದಾ ಫಿಬ್ರಿಲೇಷನ್‌ನಲ್ಲಿರುವವರ ಬಡಿತ ಕೋಣೆಯೊಳಗೆ ನಾಲ್ಕು ಹೆಜ್ಜೆ ಹಾಕಿದರೂ 130ಕ್ಕೆ ಜಿಗಿಯಬಹುದು. ಮಣಿಕಟ್ಟಿನ ಗಡಿಯಾರ ಬೆಳಕಿನಿಂದ ಓದುವುದು ಚರ್ಮದವರೆಗೆ ಬಂದ ಅಲೆಯನ್ನು, ತಲುಪದ ಬಡಿತ ಅದಕ್ಕೆ ಕಾಣುವುದೇ ಇಲ್ಲ. ಸಂಖ್ಯೆ ಬೇಕೇ ಬೇಕು ಎನ್ನುವವರು ಎದೆಪಟ್ಟಿ ಕಟ್ಟಿಕೊಳ್ಳುವುದು ಮೇಲು.

ನಾವು ನಂಬುವುದು ಉಸಿರನ್ನು. ಎಷ್ಟು ಶ್ರಮ ಅನ್ನಿಸುತ್ತಿದೆ ಎಂದು ನಡೆಯುವವರೇ ಅಂಕಿ ಹೇಳುವ ಬೋರ್ಗ್ ಅಳತೆಯಲ್ಲಿ 6 ಎಂದರೆ ಸುಮ್ಮನೆ ಕುಳಿತಂತೆ, 20 ಎಂದರೆ ಇನ್ನು ಒಂದು ಹೆಜ್ಜೆಯೂ ಆಗದು. ಮೊದಲ ತಿಂಗಳು 11ರಿಂದ 13, ಆಮೇಲೆ 12ರಿಂದ 14. ಅಂಕಿ ಹೇಳಲು ತಡವರಿಸುವವರಿಗೆ ಮಾತಿನ ಪರೀಕ್ಷೆ: ನಡೆಯುತ್ತಲೇ ಒಂದು ಪೂರ್ತಿ ವಾಕ್ಯ ಆಡಲು ಬರಬೇಕು, ಹಾಡಲು ಬರಬಾರದು. ಎರಡು ಪದಕ್ಕೊಮ್ಮೆ ಉಸಿರೆಳೆದುಕೊಂಡರೆ ವೇಗ ಹೆಚ್ಚಾಯಿತು. ಅನುಮಾನ ಇರುವವರಿಗೆ ನಾವು ಹತ್ತರವರೆಗೆ ಜೋರಾಗಿ ಎಣಿಸಲು ಹೇಳುತ್ತೇವೆ, ಒಂದೇ ಉಸಿರಿಗೆ ಏಳೆಂಟು ದಾಟಿದರೆ ಸಾಕು, ಮುಂದುವರಿಯಲಿ.

ಮೊದಲ ವಾರ 20 ನಿಮಿಷದಂತೆ 3 ದಿನ, ಒಟ್ಟು 60 ನಿಮಿಷ. ಪ್ರತಿ ವಾರ 10ರಿಂದ 15 ನಿಮಿಷ ಸೇರಿಸುತ್ತಾ ಹೋದರೆ ಸುಮಾರು 12 ವಾರಗಳ ಹೊತ್ತಿಗೆ ವಾರಕ್ಕೆ 210 ನಿಮಿಷ ಆಗುತ್ತದೆ. ಅಮೆರಿಕದ ಹೃದಯ ಸಂಘಟನೆಗಳ 2023ರ ಮಾರ್ಗಸೂಚಿ ಫಿಬ್ರಿಲೇಷನ್ ಇರುವವರಿಗೆ ಹೇಳುವ ಗುರಿಯೂ ಈ 210 ನಿಮಿಷವೇ. ಮೊದಲು ದಿನಗಳನ್ನು ಹೆಚ್ಚಿಸಿ, ಆಮೇಲೆ ನಿಮಿಷಗಳನ್ನು, ಕೊನೆಗೆ ವೇಗವನ್ನು. ಮೂರನ್ನೂ ಒಂದೇ ವಾರ ಏರಿಸಿದವರು ಮಂಡಿ ನೋವೆಂದು ಮುಂದಿನ ವಾರ ಬರುವುದಿಲ್ಲ. ಹೃದಯಕ್ಕಿಂತ ಮಂಡಿಯಿಂದಲೇ ಹೆಚ್ಚು ಜನ ಬಿಟ್ಟುಹೋಗುವುದನ್ನು ಕಂಡು, ಏರಿಕೆಯಲ್ಲಿ ನಾವು ತುಸು ಜಿಪುಣರಾಗಿಯೇ ಇರುತ್ತೇವೆ.

ಟ್ರೆಡ್‌ಮಿಲ್ಲಿನಲ್ಲಿ ಗಂಟೆಗೆ 3 ಕಿ.ಮೀ. ಆಸುಪಾಸಿನಿಂದ, ಏರಿಲ್ಲದೆ ಶುರು. ಕಂಬಿಗೆ ಜೋತುಬಿದ್ದು ನಡೆದರೆ ಯಂತ್ರ ತೋರಿಸುವ ಲೆಕ್ಕದಷ್ಟು ಕೆಲಸ ಮೈಗೆ ಆಗುವುದಿಲ್ಲ, ಬೆರಳು ತಾಗಿಸಿಕೊಂಡರೆ ಸಾಕು. ಸಮತೋಲ ತಪ್ಪುವವರಿಗೆ, ಬಿದ್ದರೆ ರಕ್ತ ನಿಲ್ಲದ ಭಯ ಇರುವವರಿಗೆ ನಿಂತ ಸೈಕಲ್ ಒಳ್ಳೆಯದು: 25 ವ್ಯಾಟ್, ನಿಮಿಷಕ್ಕೆ 60 ಸುತ್ತು, ಪೆಡಲ್ ತಳದಲ್ಲಿದ್ದಾಗ ಮಂಡಿ ಕೊಂಚ ಬಾಗಿರುವಷ್ಟು ಸೀಟಿನ ಎತ್ತರ. ಪ್ರತಿ ಸಲವೂ ಮೊದಲ 10 ನಿಮಿಷ ನಿಧಾನ, ಕೊನೆಯ 10 ನಿಮಿಷ ಮತ್ತೆ ನಿಧಾನ.

ಕೊನೆಯ ಆ 10 ನಿಮಿಷವನ್ನು ಜನ ಕಡೆಗಣಿಸುತ್ತಾರೆ, ತೊಂದರೆ ಬರುವುದೂ ಅಲ್ಲೇ. ದುಡಿದ ಕಾಲಿನ ನಾಳಗಳು ತೆರೆದುಕೊಂಡಿರುತ್ತವೆ, ಮೀನಖಂಡ ರಕ್ತವನ್ನು ಮೇಲಕ್ಕೆ ಒತ್ತುತ್ತಿರುತ್ತದೆ. ಥಟ್ಟನೆ ನಿಂತರೆ ಆ ಒತ್ತು ನಿಂತು ರಕ್ತ ಕಾಲಲ್ಲೇ ಉಳಿಯುತ್ತದೆ, ಬಿಪಿ ಇಳಿಯುತ್ತದೆ, ತಲೆಸುತ್ತು ಬರುತ್ತದೆ. ಅಡ್ರಿನಲಿನ್ ಇನ್ನೂ ಮೈಯಲ್ಲಿರುವಾಗಲೇ ಹೃದಯವನ್ನು ನಿಧಾನಿಸುವ ವೇಗಸ್ ನರ ಬಿಗಿಹಿಡಿಯಲು ಶುರು ಮಾಡುತ್ತದೆ, ಹೃತ್ಕರ್ಣ ಕೆರಳಲು ಇದು ಹದವಾದ ಹೊತ್ತು. ಬಂದು ಹೋಗುವ ಫಿಬ್ರಿಲೇಷನ್ ಇರುವ ಕೆಲವರಿಗೆ ವ್ಯಾಯಾಮ ಮುಗಿದ ಮೇಲೆಯೇ ಬಡಿತ ತಪ್ಪುವುದು ಇದರಿಂದ. ಮುಗಿದ ಕೂಡಲೇ ಬಿಸಿನೀರಿನ ಸ್ನಾನಕ್ಕೆ ಹೋಗುವುದೂ ಬೇಡ, ನಾಳಗಳು ಇನ್ನಷ್ಟು ತೆರೆದು ಬಿಪಿ ಇನ್ನಷ್ಟು ಇಳಿಯುತ್ತದೆ.

ಮಾತ್ರೆಗಳ ಪಟ್ಟಿ ನೋಡದೆ ಯಾರನ್ನೂ ಯಂತ್ರ ಹತ್ತಿಸುವುದಿಲ್ಲ. ತಾಳ ಸರಿಪಡಿಸುವ ಫ್ಲೆಕನೈಡ್ ಮಾತ್ರೆ ತೆಗೆದುಕೊಳ್ಳುವವರ ಜೊತೆ ಬೀಟಾ ಬ್ಲಾಕರ್ ಅಥವಾ ಹೃತ್ಕುಕ್ಷಿಯ ವೇಗ ತಡೆಯುವ ಬೇರೆ ಮದ್ದು ಇದೆಯೇ ಎಂದು ಕೇಳಬೇಕು. ಅದಿಲ್ಲದಿದ್ದರೆ ಫಿಬ್ರಿಲೇಷನ್ ನಿಧಾನವಾದ ಫ್ಲಟರ್ (ಹೃತ್ಕರ್ಣ ಒಂದೇ ಲಯದಲ್ಲಿ ವೇಗವಾಗಿ ಬಡಿಯುವ ತೊಂದರೆ) ಆಗಿ ಮಾರ್ಪಟ್ಟು, ಹೃತ್ಕರ್ಣದ ಪ್ರತಿಯೊಂದು ಬಡಿತವೂ ಕೆಳಗಿಳಿದು, ವ್ಯಾಯಾಮದ ನಡುವೆ ಬಡಿತ 200 ದಾಟುವ ಅಪಾಯ ಉಂಟು. ತಾಳ ತಪ್ಪಿದಾಗ ಮಾತ್ರ ಜೇಬಿನಿಂದ ತೆಗೆದು ನುಂಗುವ ಕ್ರಮದವರು, ಮಾತ್ರೆ ನುಂಗಿದ ಮೇಲೆ ತಾಳ ಮರಳಿ, ಮದ್ದು ಮೈಯಿಂದ ಬಹುಪಾಲು ಹೋಗುವವರೆಗೆ, ಅಂದರೆ ಸುಮಾರು 2 ದಿನ, ಬಿರುಸಿನ ವ್ಯಾಯಾಮ ಮಾಡಬಾರದು. ಮೂತ್ರ ಹೆಚ್ಚಿಸುವ ಮಾತ್ರೆಯವರಲ್ಲಿ ಪೊಟ್ಯಾಶಿಯಂ, ಮೆಗ್ನೀಶಿಯಂ ಇಳಿದರೆ ಹೃತ್ಕರ್ಣ ಇನ್ನೂ ಬೇಗ ಕೆರಳುತ್ತದೆ, ಬಿಸಿಲಲ್ಲಿ ಬೆವರಿದ ದಿನಗಳಲ್ಲಿ ಇದು ಮುಖ್ಯ. ತೊಡೆಸಂದಿನ ನಾಳದ ಮೂಲಕ ಹೋಗಿ ತಾಳ ಕೆಡಿಸುವ ಜಾಗವನ್ನು ಸುಡುವ ಚಿಕಿತ್ಸೆ, ಅಂದರೆ ಅಬ್ಲೇಷನ್, ಆದವರು ತೊಡೆಸಂದಿನ ಗಾಯ ಮಾಯುವವರೆಗೆ ಸೈಕಲ್, ಭಾರ ಎರಡನ್ನೂ ಬಿಟ್ಟು ಸಾದಾ ನಡಿಗೆಯಲ್ಲಿರಲಿ. ಮೊದಲ ಎರಡು ಮೂರು ತಿಂಗಳಲ್ಲಿ ಆಗೀಗ ತಾಳ ತಪ್ಪಿದರೆ ಚಿಕಿತ್ಸೆ ಸೋತಿತೆಂದು ಎದೆಗುಂದುವುದು ಬೇಡ, ಸುಟ್ಟ ಜಾಗ ಇನ್ನೂ ಮಾಯುತ್ತಿರುತ್ತದೆ.

ದಿನ ಶುರುವಾಗುವ ಮೊದಲು 5 ನಿಮಿಷ ಕುಳಿತು ನೋಡಿದಾಗ ಬಡಿತ 110ಕ್ಕಿಂತ ಮೇಲಿದ್ದರೆ, ಬಿಪಿ 180/110 ದಾಟಿದ್ದರೆ ಆ ದಿನ ರಜೆ. ಮೂರು ದಿನದಲ್ಲಿ ತೂಕ 2 ಕೆ.ಜಿ. ಏರಿದ್ದರೆ ಅದು ನೀರು ತುಂಬಿದ್ದು, ವೈದ್ಯರಿಗೆ ಹೇಳಬೇಕು. ನಡೆಯುವಾಗ ಎದೆ ಹಿಂಡಿದಂತಾದರೆ, ಕಣ್ಣು ಕತ್ತಲೆ ಬಂದರೆ ನಿಲ್ಲಿಸಿ. ಮುಖ ಒಂದು ಕಡೆ ಜೋತರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಆ ಗಳಿಗೆಯೇ ಆಂಬುಲೆನ್ಸ್. ಬಿದ್ದು ತಲೆಗೆ ಪೆಟ್ಟಾದರೆ ಮೇಲೆ ಗಾಯ ಕಾಣದಿದ್ದರೂ ತೋರಿಸಲೇಬೇಕು, ಹೆಪ್ಪು ತಡೆಯುವ ಮಾತ್ರೆಯಲ್ಲಿರುವವರಿಗೆ ಒಳಗೆ ಸೋರಬಹುದು.

ನಡುನಡುವೆ ಜೋರು ವೇಗ ಹಾಕುವ ಕ್ರಮಕ್ಕೆ ಬರೋಣ. ನಾರ್ವೆಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 51 ಮಂದಿಯಲ್ಲಿ ಅರ್ಧದಷ್ಟು ಜನ ವಾರಕ್ಕೆ 3 ಸಲ, 4 ನಿಮಿಷದ ನಾಲ್ಕು ಬಿರುಸಿನ ಸುತ್ತುಗಳನ್ನು 12 ವಾರ ಮಾಡಿದರು. ಚರ್ಮದಡಿ ಕೂರಿಸಿದ ಯಂತ್ರದ ಲೆಕ್ಕದಲ್ಲಿ ಅವರು ಫಿಬ್ರಿಲೇಷನ್‌ನಲ್ಲಿ ಕಳೆದ ಹೊತ್ತು 8.1%ರಿಂದ 4.8%ಕ್ಕೆ ಇಳಿಯಿತು. ವ್ಯಾಯಾಮ ಮಾಡದ ಗುಂಪಿನಲ್ಲಿ 10.4%ರಿಂದ 14.6%ಕ್ಕೆ ಏರಿತು. ಫಲ ಚೆನ್ನಾಗಿಯೇ ಇದೆ, ಆದರೆ ಅದು ಸದಾಕಾಲದ ಫಿಬ್ರಿಲೇಷನ್ ಇಲ್ಲದವರಲ್ಲಿ, ಕಣ್ಗಾವಲಿನಲ್ಲಿ ನಡೆದದ್ದು. ಮೂರು ತಿಂಗಳು ಹದವಾದ ನಡಿಗೆ ದಕ್ಕಿಸಿಕೊಂಡವರಿಗೆ ಮಾತ್ರ ನಾವು ಇದನ್ನು ಹೇಳುವುದು. ಹೆಚ್ಚಿದಷ್ಟೂ ಒಳ್ಳೆಯದು ಎಂಬ ಲೆಕ್ಕವೂ ಬೇಡ. ಸ್ವೀಡನ್ನಿನ 90 ಕಿ.ಮೀ. ಹಿಮಸ್ಕೀ ಓಟವನ್ನು ಹೆಚ್ಚು ಸಲ ಮುಗಿಸಿದವರಲ್ಲಿ, ಬೇಗ ಮುಗಿಸಿದವರಲ್ಲಿ ತಾಳದ ತೊಂದರೆ ಹೆಚ್ಚಿತ್ತು.

ಮೂರನೇ ತಿಂಗಳಿಗೆ ಮತ್ತೆ ಪರೀಕ್ಷೆ. ನಾಳದ ವಿಚಾರದಲ್ಲಿ ಎಲ್ಲಕ್ಕಿಂತ ಹೆಚ್ಚು ತಪ್ಪಾಗಿ ಓದುವುದು ಈ ವರದಿಯನ್ನೇ. ನೈಟ್ರಿಕ್ ಆಕ್ಸೈಡ್ ತಯಾರಿಕೆ ಬೇಗ ಚುರುಕಾಗುತ್ತದೆ, ಎಫ್‌ಎಂಡಿ ಮೊದಲು ಏರುವುದು ಅದರಿಂದ. ವ್ಯಾಯಾಮ ಮುಂದುವರಿದಂತೆ ನಾಳವೇ ಅಗಲವಾಗಿ ಬೆಳೆಯುತ್ತದೆ. ಅಗಲವಾದ ನಾಳದಲ್ಲಿ ಅದೇ ರಕ್ತ ಮೆಲ್ಲಗೆ ಉಜ್ಜುತ್ತದೆ, ಹಿಗ್ಗಬೇಕಾದ ಅಗತ್ಯವೂ ಕಡಿಮೆ. ಆರೋಗ್ಯವಂತ ಯುವಕರಲ್ಲಿ 8 ವಾರ ನೋಡಿದಾಗ ಎಫ್‌ಎಂಡಿ 2ನೇ ವಾರಕ್ಕೆ ತುದಿ ಮುಟ್ಟಿ 8ನೇ ವಾರಕ್ಕೆ ಮೊದಲಿದ್ದ ಕಡೆಗೆ ಇಳಿದಿತ್ತು, ಆದರೆ ನಾಳ ಹಿಗ್ಗಬಲ್ಲ ಒಟ್ಟು ಸಾಮರ್ಥ್ಯ ಏರುತ್ತಲೇ ಇತ್ತು. ಕಾಯಿಲೆ ಇರುವವರಲ್ಲಿ ಈ ನಡೆ ನಿಧಾನ. ಶೇಕಡಾ ಮಾತ್ರ ನೋಡಿ "ಮೊದಲು 6 ಇದ್ದದ್ದು ಈಗ 5" ಎಂದು ಬೇಸರಪಡುವವರಿಗೆ ನಾವು ತೋರಿಸುವುದು ಪಕ್ಕದ ಅಂಕಿಯನ್ನು. ವಿಶ್ರಾಂತಿಯಲ್ಲಿನ ವ್ಯಾಸ 4.00ರಿಂದ 4.15 ಆಗಿದ್ದರೆ ಅದು ಗಳಿಕೆಯೇ. ವ್ಯಾಸ ಬರೆಯದೆ ಶೇಕಡಾ ಮಾತ್ರ ಕೊಟ್ಟ ವರದಿಯನ್ನು ವಾಪಸು ಕಳಿಸಿ ಎರಡನ್ನೂ ಕೇಳಿ.

ಬಿಗಿತ ಇಷ್ಟು ಬೇಗ ಬಿಡುವುದಿಲ್ಲ. ಗೋಡೆಯ ಕೊಲಾಜನ್, ಎಲಾಸ್ಟಿನ್ ಎಳೆಗಳ ವ್ಯವಹಾರವದು, ತಿಂಗಳುಗಳೇ ಬೇಕು. ವಯಸ್ಸಾದವರಲ್ಲಿ ಅಲೆಯ ವೇಗ ಏರದೆ ಇದ್ದಲ್ಲೇ ನಿಂತರೂ ನಾವು ಸಮಾಧಾನಪಡುತ್ತೇವೆ. ಸಿಗರೇಟು ಬಿಡದಿದ್ದರೆ, ನಿದ್ದೆಯಲ್ಲಿ ಉಸಿರುಗಟ್ಟುವುದಕ್ಕೆ ಚಿಕಿತ್ಸೆ ಆಗದಿದ್ದರೆ ಬೆಳಗ್ಗೆ ಗಳಿಸಿದ್ದು ರಾತ್ರಿ ಕರಗುತ್ತದೆ. ಅಲ್ಟ್ರಾಸೌಂಡ್ ಸೌಲಭ್ಯ ಇಲ್ಲದವರಿಗೆ 6 ನಿಮಿಷದ ನಡಿಗೆ ಪರೀಕ್ಷೆ ಸಾಕು: 30 ಮೀಟರ್ ಸಮತಟ್ಟು ಜಾಗ, ಎರಡು ತುದಿಗೆ ಗುರುತು, ಒಂದು ಗಡಿಯಾರ. ಹಿಂದಿನ ಸಲಕ್ಕಿಂತ 30 ಮೀಟರ್ ಹೆಚ್ಚು ನಡೆದರೆ ಅದು ನಿಜವಾದ ಏರಿಕೆ. ಅದು ನಾಳವನ್ನು ನೇರವಾಗಿ ಅಳೆಯುವುದಿಲ್ಲ, ಮೈಯ ಒಟ್ಟು ಶಕ್ತಿಯನ್ನು ಅಳೆಯುತ್ತದೆ.

ವರ್ಷದಲ್ಲಿ ಒಂದೆರಡು ಸಲ ಎಲ್ಲರಿಗೂ ವ್ಯಾಯಾಮ ತಪ್ಪುತ್ತದೆ, ಜ್ವರ, ಪ್ರಯಾಣ, ಮನೆಯ ಕೆಲಸ. ನಾಳದ ಒಳಪದರ ಗಳಿಸಿದ್ದು ಕೆಲವೇ ವಾರಗಳಲ್ಲಿ ಇಳಿಯತೊಡಗುತ್ತದೆ. ಒಂದು ವಾರ ತಪ್ಪಿದ್ದರೆ ಬಿಟ್ಟಲ್ಲಿಂದಲೇ ಹಿಡಿಯಿರಿ. ಎರಡು ವಾರ ಆಗಿದ್ದರೆ ನಿಮಿಷಗಳನ್ನು ಅರ್ಧಕ್ಕೆ ಇಳಿಸಿ, ವಾರಕ್ಕೆ 15 ನಿಮಿಷದಂತೆ ಮತ್ತೆ ಏರಿಸಿ. ತಿಂಗಳು ದಾಟಿದ್ದರೆ 20 ನಿಮಿಷದ 3 ದಿನಕ್ಕೆ ಮರಳಿ. ಜ್ವರದಿಂದ ತಪ್ಪಿದ್ದಾದರೆ ಪೂರ್ತಿ ಇಳಿದು, ವಿಶ್ರಾಂತಿಯ ಬಡಿತ ಮೊದಲಿನ ಮಟ್ಟಕ್ಕೆ ಬಂದ ಮೇಲೆ ಶುರು ಮಾಡಿ, ಅದನ್ನೂ ಪೂರ್ತಿ 60 ಸೆಕೆಂಡು ಎಣಿಸಿ.